ಸ್ನಾಯುವಿನ ಸಾಕ್ಷ್ಯ

(ವ್ಯಾಯಾಮಶಾಲೆಯೊಂದರ ವಾರ್ಷಿಕೋತ್ಸವದಲ್ಲಿ ನ್ಯಾಯವಾದಿಗಳೊಬ್ಬರು ಮಾಡಿದ ಭಾಷಣ)



ಮಲ್ಲರ ಸಭೆಯಲ್ಲಿ ಮಾತನಾಡಲು ವಕೀಲನೊಬ್ಬನನ್ನು ಕರೆದದ್ದು ಸಂಚಾಲಕರ ಧೈರ್ಯವೆಂದೇ ಹೇಳಬೇಕು. ನಮ್ಮ ವೃತ್ತಿಯಲ್ಲಿ ದಣಿಯುವ ಸ್ನಾಯು ನಾಲಗೆಯೊಂದೇ. ತೋಳು ತೋರಿಸಿ ನಿಮ್ಮ ಮೆಚ್ಚುಗೆ ಪಡೆಯುವ ಆಸೆ ನಮಗಿಲ್ಲ. ಆದರೆ ನೀವು ದಿನವೂ ಸಾಮು ಮಾಡಿ ಬೆಳೆಸುವ ಆ ತೋಳಿನೊಳಗೆ ಏನು ನಡೆಯುತ್ತದೆಂಬದನ್ನು ನಾವು ಹಲವು ವರ್ಷಗಳಿಂದ ಕುತೂಹಲಪಟ್ಟು ಓದುತ್ತ ಬಂದಿದ್ದೇವೆ. ಹಾಗೆ ಓದಲು ಕಾರಣವಾದದ್ದು ಒಂದು ಖೂನಿ ಮೊಕದ್ದಮೆ. ಮೊದಲು ಅದನ್ನೇ ಹೇಳಿಬಿಡುತ್ತೇವೆ.

ಆಗ ನಾವು ವಕೀಲಿ ಹಿಡಿದ ಹೊಸತು. ಹಿರಿಯ ವಕೀಲರೊಬ್ಬರ ಕೈಕೆಳಗೆ ಆರೋಪಿಯ ಪರವಾಗಿ ನಿಂತಿದ್ದೆವು. ಬೇಸಿಗೆಯ ಒಂದು ಮುಂಜಾನೆ ಆರು ಗಂಟೆಗೆ ಹೊಲದ ಬದುವಿನಲ್ಲಿ ಒಬ್ಬ ರೈತನ ಹೆಣ ಸಿಕ್ಕಿತ್ತು. ದೇಹವು ಅಡಿಯಿಂದ ಮುಡಿಯವರೆಗೆ ಸೆಟೆದಿತ್ತೆಂದು ಪಂಚನಾಮೆಯಲ್ಲಿ ಬರೆದಿತ್ತು. ಹೆಣ ಪೂರ್ತಿ ಸೆಟೆಯಲು ಹನ್ನೆರಡು ತಾಸು ಬೇಕು. ಆದ್ದರಿಂದ ಕೊಲೆ ನಡೆದದ್ದು ಹಿಂದಿನ ಸಂಜೆ ಆರರ ಸುಮಾರಿಗೆ. ಆ ಹೊತ್ತಿಗೆ ಆರೋಪಿಯು ಅದೇ ಹೊಲದಲ್ಲಿದ್ದನು. ಇದು ಸರಕಾರಿ ಪಕ್ಷದ ವಾದ. ರಾತ್ರಿ ಒಂಬತ್ತರ ಮೇಲೆ ಅವನು ಎರಡು ಹರದಾರಿಯಾಚೆಯ ಊರಿನ ಮದುವೆಯ ಹಂದರದಲ್ಲಿದ್ದನೆಂಬದಕ್ಕೆ ನಮ್ಮಲ್ಲಿ ಸಾಕ್ಷಿಗಳಿದ್ದರು. ಒಬ್ಬ ಮನುಷ್ಯನ ಪ್ರಾಣವು ಮೂರು ತಾಸಿನ ಅಂತರದಲ್ಲಿ ತೂಗುತ್ತಿತ್ತು. ಡಾಕ್ಟರರ ಪಾಟೀಸವಾಲು ನಮ್ಮ ಪಾಲಿಗೆ ಬಂದಿತು. "ಸತ್ತವನ ದೇಹ ಸೆಟೆಯುವದೇಕೆ?" ಎಂದು ಕೇಳಿದೆವು. "ಜೀವ ಹೋದದ್ದರಿಂದ" ಎಂದು ಅವರು ಉತ್ತರವಿತ್ತರು. ಮುಂದೇನು ಕೇಳಬೇಕೆಂದು ತೋಚದೆ ನಾವು ಕುಳಿತುಬಿಟ್ಟೆವು. ಆರೋಪಿಯು ಬಿಡುಗಡೆಯಾದನೆಂಬದು ನಿಜ. ಆದರೆ ಬೇರೆ ಕಾರಣಗಳಿಂದ, ನಮ್ಮ ಪಾಟೀಸವಾಲಿನಿಂದಲ್ಲ. ಆ ಮಧ್ಯಾಹ್ನದ ನಾಚಿಕೆಯೇ ನಮ್ಮನ್ನು ಪುಸ್ತಕಗಳ ಕಡೆಗೆ ಅಟ್ಟಿತು. ಹೆಣ ಸೆಟೆಯುವದೇಕೆಂದು ತಿಳಿಯಬೇಕಾದರೆ ಜೀವಂತ ತೋಳು ಬಾಗುವದು ಹೇಗೆಂಬದನ್ನು ಮೊದಲು ತಿಳಿಯಬೇಕೆಂದು ಅಲ್ಲಿ ಗೊತ್ತಾಯಿತು.

ನಮ್ಮ ಶರೀರದಲ್ಲಿ ಎಲುಬುಗಳನ್ನು ಆಡಿಸುವ ಸ್ನಾಯುಗಳು 600ಕ್ಕೂ ಮಿಕ್ಕಿ ಇವೆ. ದೃಢಕಾಯನಾದ ಗಂಡಸಿನ ತೂಕದಲ್ಲಿ ಐದರಲ್ಲಿ ಎರಡು ಪಾಲು ಇವುಗಳದೇ. ಹೃದಯದ ಸ್ನಾಯು ಬೇರೆ, ಕರುಳಿನ ಸ್ನಾಯು ಬೇರೆ; ಅವುಗಳ ಮಾತು ಇಂದು ಬೇಡ. ಎಲುಬಿನ ಸ್ನಾಯುವಿಗೆ ಎಳೆಯುವದೊಂದೇ ಗೊತ್ತು, ತಳ್ಳುವದು ಗೊತ್ತಿಲ್ಲ. ಆದ್ದರಿಂದಲೇ ಮೊಣಕೈಯನ್ನು ಮಡಿಸಲು ತೋಳಿನ ಮುಂದೊಂದು, ಬಿಚ್ಚಲು ಹಿಂದೊಂದು ಎಂದು ಅವು ಎದುರುಬದುರಾಗಿ ನಿಂತಿವೆ.

ಒಂದು ಸ್ನಾಯುವನ್ನು ಬಿಡಿಸುವದೆಂದರೆ ಬಾವಿಯ ಹಗ್ಗವನ್ನು ಹುರಿ ಬಿಚ್ಚಿದಂತೆ. ಹೊರಗೊಂದು ತೆಳುವಾದ ಪೊರೆಯ ಹೊದಿಕೆ. ಅದರೊಳಗೆ ಸಣ್ಣ ಸಣ್ಣ ಕಟ್ಟುಗಳು. ಮಾಂಸಾಹಾರಿಗಳಾದ ಮಿತ್ರರು ಬೆಂದ ಮಾಂಸವನ್ನು ಎಳೆ ಎಳೆಯಾಗಿ ಬಿಡಿಸುವಾಗ ಕಾಣುವದು ಈ ಕಟ್ಟುಗಳನ್ನೇ. ಪ್ರತಿಯೊಂದು ಕಟ್ಟಿನೊಳಗೂ ಅನೇಕ ತಂತುಗಳು. ತಂತುವೆಂದರೆ ಒಂದೇ ಜೀವಕೋಶ. ಅದರ ದಪ್ಪವು ಮಿಲಿಮೀಟರಿನ ನೂರರಲ್ಲೊಂದು ಪಾಲಿನಿಂದ ಹತ್ತರಲ್ಲೊಂದು ಪಾಲಿನವರೆಗೆ. ಉದ್ದವಾದರೋ ಎಷ್ಟೋ ಸೆಂಟಿಮೀಟರು. ಇಂಥ ನೀಳವಾದ ಕೋಶವು ಹೇಗೆ ಹುಟ್ಟಿತು? ಗರ್ಭದಲ್ಲಿಯೇ ನೂರಾರು ಚಿಕ್ಕ ಕೋಶಗಳು ನಡುವಿನ ಗೋಡೆಗಳನ್ನು ಕೆಡವಿ ಒಂದಾಗಿಬಿಡುತ್ತವೆ. ಆದ್ದರಿಂದಲೇ ಸಾಮಾನ್ಯ ಕೋಶಕ್ಕೆ ಒಂದು ಕೇಂದ್ರವಿದ್ದರೆ ಇದಕ್ಕೆ ನೂರಾರು ಕೇಂದ್ರಗಳು. ಮನೆಯೊಂದಾದರೂ ಯಜಮಾನರು ಅನೇಕರು ಎಂಬ ಈ ಏರ್ಪಾಡನ್ನು ಕಂಡಾಗ, ಹಿಸ್ಸೆಯ ದಾವೆಗಳಲ್ಲಿಯೇ ಅರ್ಧ ಆಯುಷ್ಯ ಕಳೆದ ನಮಗೆ ಆಶ್ಚರ್ಯವಾಯಿತು. ಈ ಅವಿಭಕ್ತ ಕುಟುಂಬವು ಮಾತ್ರ ಪಾಲಾಗುವದೇ ಇಲ್ಲ.

ತಂತುವಿನ ಒಳಗೆ ಅದರ ಉದ್ದಕ್ಕೂ ಹಾಯ್ದಿರುವ ನೂರಾರು, ಸಾವಿರಾರು ಉಪತಂತುಗಳಿವೆ. ಉಪತಂತುವಿನ ದಪ್ಪವು ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಅದರ ಉದ್ದಕ್ಕೆ ಒಂದೇ ಅಳತೆಯ ಖಾನೆಗಳು ಸಾಲಾಗಿ ಜೋಡಿಸಿವೆ. ಇಂಗ್ಲಿಷ್ ಪುಸ್ತಕಗಳು ಈ ಖಾನೆಗೆ ಸಾರ್ಕೋಮಿಯರ್ ಎನ್ನುತ್ತವೆ. ಮಾಂಸದ ತುಂಡು ಎಂಬ ಅರ್ಥದ ಗ್ರೀಕ್ ಶಬ್ದವದು. ನಮ್ಮ ಹಿರಿಯರು ಮನೆಯ ವಿಸ್ತಾರವನ್ನು ಹೇಳುವಾಗ ಕಂಬದಿಂದ ಕಂಬಕ್ಕೆ ಇಷ್ಟು ಅಂಕಣವೆಂದು ಎಣಿಸುತ್ತಿದ್ದರು. ಅಷ್ಟು ಒಳ್ಳೆಯ ಶಬ್ದವು ಕೈಯಲ್ಲಿರುವಾಗ ಗ್ರೀಕರ ಮನೆಗೆ ಕಡಕ್ಕೆ ಹೋಗುವದೇಕೆ? ನಾವು ಇದನ್ನು ಅಂಕಣವೆಂದೇ ಕರೆಯುವೆವು. ವೈದ್ಯ ಪಂಡಿತರು ಇದಕ್ಕಿಂತ ಉತ್ತಮವಾದದ್ದನ್ನು ಕೊಟ್ಟರೆ ಸಂತೋಷದಿಂದ ಸ್ವೀಕರಿಸುವೆವು. ವಿಶ್ರಾಂತಿಯಲ್ಲಿರುವ ಅಂಕಣದ ಉದ್ದ ಸುಮಾರು ಎರಡೂವರೆ ಮೈಕ್ರೋಮೀಟರು. ಅಂದರೆ ಒಂದು ಮಿಲಿಮೀಟರಿನಲ್ಲಿ 400 ಅಂಕಣಗಳು. ಹತ್ತು ಸೆಂಟಿಮೀಟರ್ ಉದ್ದದ ತಂತುವಿನಲ್ಲಿ ಒಂದೊಂದು ಸಾಲಿಗೂ 40,000 ಅಂಕಣಗಳು. ಒಂದೊಂದು ಅಂಕಣವೂ ಕೂದಲೆಳೆಗಿಂತ ಎಷ್ಟೋ ಪಾಲು ಕಡಿಮೆ ಮೊಟಕಾಗುತ್ತದೆ. ಸಾಲಿನ ಅಷ್ಟೂ ಅಂಕಣಗಳು ಏಕಕಾಲಕ್ಕೆ ಮೊಟಕಾಗುವದರಿಂದ ನಿಮ್ಮ ಮೊಣಕೈ ಮಡಿಯುತ್ತದೆ.

ಅಂಕಣದೊಳಕ್ಕೆ ಹೋಗೋಣ. ಅದರ ಎರಡು ತುದಿಗಳಲ್ಲಿ ಎರಡು ಗೋಡೆಗಳು. ಎರಡೂ ಗೋಡೆಗಳಿಂದ ಒಳಮುಖವಾಗಿ ತೆಳುವಾದ ಎಳೆಗಳು ಚಾಚಿಕೊಂಡಿವೆ. ಅವು ಆಕ್ಟಿನ್ ಎಂಬ ಪ್ರೋಟೀನಿನವು. ನಟ್ಟನಡುವೆ, ಗೋಡೆಯನ್ನು ಮುಟ್ಟದಂತೆ, ಮಾಯೋಸಿನ್ ಎಂಬ ಪ್ರೋಟೀನಿನ ದಪ್ಪ ಎಳೆಗಳು. ಒಂದೊಂದು ದಪ್ಪ ಎಳೆಯ ಸುತ್ತಲೂ ಆರಾರು ತೆಳು ಎಳೆಗಳು ಅಚ್ಚುಕಟ್ಟಾಗಿ ನಿಂತಿವೆ. ದಪ್ಪ ಎಳೆಯು ಪಕ್ಕಕ್ಕೆ ಸರಿಯದಂತೆ ಟೈಟಿನ್ ಎಂಬ ಸುರುಳಿಯಂಥ ದಾರವು ಅದನ್ನು ಎರಡೂ ಗೋಡೆಗಳಿಗೆ ಬಿಗಿದಿದೆ. ದಪ್ಪ ಎಳೆಗಳಿರುವಲ್ಲಿ ಕಪ್ಪು ಪಟ್ಟೆ, ತೆಳು ಎಳೆಗಳು ಮಾತ್ರವೇ ಇರುವಲ್ಲಿ ಬಿಳಿ ಪಟ್ಟೆ. ಹೀಗೆ ತಂತುವಿಗೆಲ್ಲ ಇಳಕಲ್ಲ ಸೀರೆಯ ಅಂಚಿನಂತೆ ಅಡ್ಡಗೆರೆಗಳು. ಹದಿನೇಳನೆಯ ಶತಮಾನದಲ್ಲಿಯೇ ಲೇವನ್‌ಹುಕ್ ಎಂಬ ಹಾಲೆಂಡಿನ ಬಟ್ಟೆ ವ್ಯಾಪಾರಿಯು ತಾನೇ ಉಜ್ಜಿ ಮಾಡಿದ ಮಸೂರದಲ್ಲಿ ಈ ಗೆರೆಗಳನ್ನು ಕಂಡಿದ್ದನು. ಅವನೂ ವೈದ್ಯನಲ್ಲ. ಅದೇ ನಮಗೆ ಈ ವೇದಿಕೆಯ ಮೇಲೆ ನಿಲ್ಲಲು ಧೈರ್ಯ ಕೊಟ್ಟ ಸಂಗತಿ.

ಗೆರೆಗಳೇನೋ ಕಂಡವು. ಆದರೆ ಸ್ನಾಯು ಮೊಟಕಾಗುವದು ಹೇಗೆಂಬ ದಾವೆಯು ಬಹುಕಾಲ ಇತ್ಯರ್ಥವಾಗದೆ ಉಳಿಯಿತು. ನೆನೆದ ಬಟ್ಟೆ ಕುಗ್ಗುವಂತೆ ಒಳಗಿನ ಎಳೆಗಳೇ ಮಡಿಸಿ ಸುರುಳಿಗೊಂಡು ಗಿಡ್ಡವಾಗುತ್ತವೆಂದು ಬಹು ಜನ ಪಂಡಿತರ ಅಭಿಪ್ರಾಯವಿತ್ತು. ಕೇಳುವದಕ್ಕೆ ಸಹಜವಾದ ಮಾತೇ. 1954ರ ಮೇ ತಿಂಗಳಲ್ಲಿ ಇಂಗ್ಲಂಡಿನ 'ನೇಚರ್' ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಒಂದರ ಬೆನ್ನಿಗೊಂದು ಎರಡು ಲೇಖನಗಳು ಪ್ರಕಟವಾದವು. ಮೊದಲನೆಯದು ಆಂಡ್ರ್ಯೂ ಹಕ್ಸ್‌ಲಿ ಮತ್ತು ರೋಲ್ಫ್ ನೀಡರ್ಗರ್ಕೆ ಅವರದು. ಎರಡನೆಯದು ಹ್ಯೂ ಹಕ್ಸ್‌ಲಿ ಮತ್ತು ಜೀನ್ ಹ್ಯಾನ್ಸನ್ ಎಂಬ ಮಹಿಳೆಯದು. ಹಕ್ಸ್‌ಲಿ ಎಂಬ ಅಡ್ಡಹೆಸರು ಎರಡರಲ್ಲಿಯೂ ಇದ್ದರೂ ಅವರು ದಾಯಾದಿಗಳಲ್ಲ. ಮೊದಲಿನವರು ನೋಡಿದ್ದು ಕಪ್ಪೆಯ ಜೀವಂತ ತಂತುವನ್ನು. ಎರಡನೆಯವರು ನೋಡಿದ್ದು ಮೊಲದ ಸ್ನಾಯುವಿನಿಂದ ಬಿಡಿಸಿದ ಉಪತಂತುಗಳನ್ನು. ಬಳಸಿದ ಸೂಕ್ಷ್ಮದರ್ಶಕಗಳೂ ಬೇರೆ ಬೇರೆ ಬಗೆಯವು. ಇಬ್ಬರ ಹೇಳಿಕೆಯೂ ಒಂದೇ: ಸ್ನಾಯು ಮೊಟಕಾಗುವಾಗ ಬಿಳಿ ಪಟ್ಟೆ ಕಿರಿದಾಗುತ್ತದೆ, ಕಪ್ಪು ಪಟ್ಟೆಯ ಅಗಲ ಬದಲಾಗುವದಿಲ್ಲ.

ವಕೀಲರಾದವರಿಗೆ ಇದಕ್ಕಿಂತ ಸವಿಯಾದ ಪುರಾವೆ ಯಾವದು? ಒಬ್ಬರನ್ನೊಬ್ಬರು ಕಲಿಸಿಕೊಟ್ಟಿಲ್ಲದ ಎರಡು ಪಕ್ಷದ ಸಾಕ್ಷಿಗಳು, ಒಂದೇ ಹೇಳಿಕೆ. ಕಪ್ಪು ಪಟ್ಟೆಯ ಉದ್ದವೆಂದರೆ ದಪ್ಪ ಎಳೆಯ ಉದ್ದವೇ. ಅದು ಕುಗ್ಗಲಿಲ್ಲವೆಂದಮೇಲೆ ಎಳೆ ಕುಗ್ಗುತ್ತದೆಂಬ ವಾದವು ಬಿದ್ದುಹೋಯಿತು. ನಿಮ್ಮ ಎರಡೂ ಕೈಬೆರಳುಗಳನ್ನು ಒಂದರ ಸಂದಿನಲ್ಲೊಂದು ಇಟ್ಟು ಒಳಕ್ಕೆ ದೂಡಿ ನೋಡಿರಿ. ಬೆರಳು ಗಿಡ್ಡವಾಗಲಿಲ್ಲ; ಅಂಗೈಗಳು ಸಮೀಪಕ್ಕೆ ಬಂದವು. ಅಂಕಣದಲ್ಲಿಯೂ ಇಷ್ಟೇ: ತೆಳು ಎಳೆಗಳು ದಪ್ಪ ಎಳೆಗಳ ಸಂದಿನಲ್ಲಿ ಜಾರುತ್ತವೆ, ಗೋಡೆಗಳು ಹತ್ತಿರವಾಗುತ್ತವೆ. ಹತ್ತೊಂಬತ್ತನೆಯ ಶತಮಾನದ ಕೆಲವರು ಕಪ್ಪು ಪಟ್ಟೆ ಕುಗ್ಗದಿರುವದನ್ನು ಕಂಡು ಬರೆದಿಟ್ಟಿದ್ದರಂತೆ. ಅದು ಹಳೆಯ ದಫ್ತರಗಳಲ್ಲಿ ಮರೆತುಹೋಗಿತ್ತು. ಕೋರ್ಟಿನಲ್ಲಿ ಮಾತ್ರವೇ ಕಾಗದಗಳು ಕಳೆಯುತ್ತವೆಂದು ನಾವು ತಿಳಿದಿದ್ದೆವು.

ಇನ್ನು ಈ ವಾದಕ್ಕೂ ಪಾಟೀಸವಾಲು ಆಗಬೇಕಷ್ಟೆ. ಎಳೆಗಳು ಜಾರುವದು ನಿಜವಾದರೆ, ತಂತುವನ್ನು ಹಿಗ್ಗಿಸಿ ದಪ್ಪ ಎಳೆಗೂ ತೆಳು ಎಳೆಗೂ ಸ್ಪರ್ಶವೇ ಇಲ್ಲದಂತೆ ಮಾಡಿದಾಗ ಬಲವು ಉಡುಗಿಹೋಗಬೇಕು. 1966ರಲ್ಲಿ ಗಾರ್ಡನ್, ಆಂಡ್ರ್ಯೂ ಹಕ್ಸ್‌ಲಿ, ಜೂಲಿಯನ್ ಎಂಬ ಮೂವರು ಕಪ್ಪೆಯ ತಂತುವಿನಲ್ಲಿ ಇದನ್ನು ಅಳೆದರು. ಎಳೆಗಳು ಒಂದರ ಮೇಲೊಂದು ಎಷ್ಟು ಹಾಸಿರುವವೋ ಆ ಪ್ರಮಾಣದಲ್ಲಿಯೇ ಬಲವು ಇಳಿಯುತ್ತ ಬಂದು, ಅಂಕಣವನ್ನು 3.65 ಮೈಕ್ರೋಮೀಟರಿಗೆ ಹಿಗ್ಗಿಸಿದಲ್ಲಿ ಸೊನ್ನೆಯಾಯಿತು. ಕುಸ್ತಿಯಲ್ಲಿ ಎದುರಾಳಿಯ ಕೈಯನ್ನು ಅತಿಯಾಗಿ ಚಾಚಿಸಿದಾಗ ಅವನ ಬಲ ತಗ್ಗುವದನ್ನು ನಿಮ್ಮ ವಸ್ತಾದರು ತಿಳಿದಿರುತ್ತಾರೆ. ಎಲುಬಿನ ಸನ್ನೆಯ ಲೆಕ್ಕವನ್ನು ಬಿಟ್ಟರೆ ಅದಕ್ಕೆ ಇದೂ ಒಂದು ಕಾರಣ.

ಹಾಗಾದರೆ ಜಾರಿಸುವವರು ಯಾರು? ದಪ್ಪ ಎಳೆಯೆಂಬದು ಸುಮಾರು 300 ಮಾಯೋಸಿನ್ ಅಣುಗಳ ಕಟ್ಟು. ಒಂದೊಂದು ಅಣುವಿಗೂ ಉದ್ದವಾದ ಬಾಲ, ಎರಡು ತಲೆ. ತಲೆಗಳು ಎಳೆಯ ಮೈಯಿಂದ ಹೊರಕ್ಕೆ ಚಾಚಿಕೊಂಡಿವೆ. ಸೇದುವ ಬಾವಿಯಿಂದ ಕೊಡವನ್ನು ಮೇಲಕ್ಕೆಳೆಯುವವರನ್ನು ನೋಡಿರಿ. ಒಂದು ಕೈ ಹಗ್ಗ ಹಿಡಿಯುತ್ತದೆ, ಎಳೆಯುತ್ತದೆ, ಬಿಡುತ್ತದೆ, ಮುಂದಕ್ಕೆ ಚಾಚಿ ಮತ್ತೆ ಹಿಡಿಯುತ್ತದೆ; ಅದು ಬಿಟ್ಟಾಗ ಇನ್ನೊಂದು ಕೈ ಹಿಡಿದಿರುತ್ತದೆ. ಮಾಯೋಸಿನ್ ತಲೆಗಳ ಕೆಲಸವೂ ಇದೇ. ಒಂದು ಎಳೆತಕ್ಕೆ ಹಗ್ಗವು ಸರಿಯುವದು ಮಿಲಿಮೀಟರಿನ ಲಕ್ಷದಲ್ಲೊಂದು ಪಾಲು, ಅಥವಾ ಅದಕ್ಕೂ ಕಡಿಮೆ. ಆದರೆ ಎಳೆಯುವ ಕೈಗಳು ಎಣಿಕೆಗೆ ಮೀರಿದವು. ಎಲ್ಲವೂ ಒಮ್ಮೆಗೇ ಬಿಡುವದಿಲ್ಲ.

ಇಲ್ಲಿ ನಮ್ಮ ಮೊಕದ್ದಮೆಯ ಗುಟ್ಟು ಇರುವದರಿಂದ ಸ್ವಲ್ಪ ನಿಧಾನವಾಗಿ ಕೇಳಬೇಕು. ಈ ಕೆಲಸಕ್ಕೆ ಕೂಲಿಯು ಎ.ಟಿ.ಪಿ. ಎಂಬ ದ್ರವ್ಯದಲ್ಲಿ ಸಲ್ಲಬೇಕು. ಉಂಡ ಅನ್ನವೂ ಉಸಿರಿನ ಪ್ರಾಣವಾಯುವೂ ಕೂಡಿ ಕೊನೆಗೆ ತಯಾರಾಗುವ ಚಲಾವಣೆಯ ನಾಣ್ಯವದು. ಮಾಯೋಸಿನ್ ತಾನೇ ಈ ಎ.ಟಿ.ಪಿ.ಯನ್ನು ಒಡೆಯುತ್ತದೆಂದು ರಶಿಯದ ಎಂಗೆಲ್‌ಹಾರ್ಟ್ ಮತ್ತು ಲ್ಯೂಬಿಮೋವಾ ದಂಪತಿಗಳು 1939ರಲ್ಲಿ ಪ್ರಕಟಿಸಿದರು. ಮಹಾಯುದ್ಧದ ಆ ಕತ್ತಲೆಯ ವರ್ಷಗಳಲ್ಲಿ ಹಂಗೇರಿಯ ಸೆಗೆಡ್ ಎಂಬ ಊರಿನಲ್ಲಿ ಆಲ್ಬರ್ಟ್ ಸೆಂಟ್-ಗ್ಯೋರ್ಗಿ ಎಂಬ ಪಂಡಿತನು ತನ್ನ ಶಿಷ್ಯರೊಡನೆ ಇದನ್ನೇ ಮುಂದುವರಿಸಿದನು. ಅಲ್ಲಿಯೇ ಸ್ಟ್ರೌಬ್ ಎಂಬ ತರುಣನು ಆಕ್ಟಿನ್ ಅನ್ನು ಕಂಡುಹಿಡಿದನು. ಆಕ್ಟಿನ್ ಮತ್ತು ಮಾಯೋಸಿನ್ ಕೂಡಿಸಿ ಎಳೆದ ದಾರಕ್ಕೆ ಎ.ಟಿ.ಪಿ. ಸೇರಿದ ಕೂಡಲೇ ಅದು ಗಾಜಿನ ಪಾತ್ರೆಯಲ್ಲಿ ಕಣ್ಣಮುಂದೆಯೇ ಮುದುಡಿಕೊಂಡಿತು. ಜೀವದಿಂದ ಬೇರ್ಪಟ್ಟ ವಸ್ತುವು ಜೀವದ ಕ್ರಿಯೆಯನ್ನು ತೋರಿಸಿತು. ಸೆಂಟ್-ಗ್ಯೋರ್ಗಿಯು ನಾಜಿಗಳಿಗೆ ವಿರೋಧಿಯಾಗಿ, ಕಡೆಗೆ ತಲೆಮರೆಸಿಕೊಂಡು ಬದುಕಬೇಕಾಯಿತೆಂಬದನ್ನೂ ಇಲ್ಲಿ ನೆನೆಯಬೇಕು.

ಈಗ ಪ್ರಶ್ನೆ: ಎ.ಟಿ.ಪಿ. ಬೇಕಾಗುವದು ಹಿಡಿಯುವದಕ್ಕೋ, ಬಿಡುವದಕ್ಕೋ? ನಮಗೆಲ್ಲ ತೋರುವದು ಹಿಡಿಯುವದಕ್ಕೆಂದೇ. ಆದರೆ ಸತ್ಯ ಬೇರೆ. ತಲೆಯು ಆಕ್ಟಿನ್ನನ್ನು ಹಿಡಿದು ಎಳೆದಾದಮೇಲೆ ಅಲ್ಲಿಯೇ ಕಚ್ಚಿಕೊಂಡು ಕುಳಿತಿರುತ್ತದೆ. ಹೊಸದೊಂದು ಎ.ಟಿ.ಪಿ. ಅಣು ಬಂದು ಅದಕ್ಕೆ ತಾಗಿದ ಮೇಲೆಯೇ ಅದು ಹಿಡಿತ ಬಿಡುತ್ತದೆ. ಆಮೇಲೆ ಆ ಅಣುವನ್ನು ಒಡೆದು, ಬಂದ ಶಕ್ತಿಯಿಂದ ಬಿಲ್ಲಿನ ಹೆದೆಯಂತೆ ತಲೆಯನ್ನು ಹಿಂದಕ್ಕೆಳೆದು ಸಿದ್ಧವಾಗುತ್ತದೆ. ಮತ್ತೆ ಹಿಡಿದಾಗ ಆ ಬಿಗುವೇ ಎಳೆತವಾಗುತ್ತದೆ. ಕೂಲಿ ಸಿಗದಿದ್ದರೆ ಈ ಕೂಲಿಕಾರನು ಕೆಲಸ ಬಿಟ್ಟು ಹೋಗುವದಿಲ್ಲ. ಹಿಡಿದ ಹಗ್ಗವನ್ನೇ ಬಿಡದೆ ಸತ್ಯಾಗ್ರಹ ಹೂಡುತ್ತಾನೆ!

ಎಳೆಯಬೇಕೆಂಬ ಹುಕುಮು ಬರುವದು ನರದಿಂದ. ನರದ ತುದಿಯು ತಂತುವನ್ನು ನೇರವಾಗಿ ಮುಟ್ಟುವದಿಲ್ಲ. ನಡುವೆ ಕೂದಲೆಳೆಗೂ ತೆಳುವಾದ ಸಂದು. ನರವು ಅಸಿಟೈಲ್‌ಕೋಲಿನ್ ಎಂಬ ದ್ರವ್ಯವನ್ನು ಆ ಸಂದಿನಲ್ಲಿ ಚೆಲ್ಲುತ್ತದೆ, ತಂತುವು ತನ್ನ ಮೈಮೇಲಿನ ಗ್ರಾಹಕಗಳಿಂದ ಅದನ್ನು ಸ್ವೀಕರಿಸುತ್ತದೆ. ನಾಗರಹಾವಿನ ವಿಷವು ಈ ಗ್ರಾಹಕಗಳನ್ನೇ ಆಕ್ರಮಿಸಿ ಕುಳಿತುಬಿಡುತ್ತದೆ. ಸ್ನಾಯು ಕೆಟ್ಟಿಲ್ಲ, ನರ ಕೆಟ್ಟಿಲ್ಲ. ಸಮನ್ಸು ಬಜಾವಣೆಯಾಗುವದಿಲ್ಲ ಅಷ್ಟೆ. ಮೊದಲು ಕಣ್ಣರೆಪ್ಪೆ ಜೋಲುತ್ತದೆ, ನಾಲಗೆ ತೊದಲುತ್ತದೆ, ಕೊನೆಗೆ ಉಸಿರಾಟದ ಸ್ನಾಯುಗಳು ನಿಲ್ಲುತ್ತವೆ. ಹಾವು ಕಡಿದವನನ್ನು ಮಂತ್ರ ಹಾಕಿಸಲು ಒಯ್ಯುವ ಪ್ರತಿಯೊಂದು ಗಳಿಗೆಯೂ ಉಸಿರಿನ ಲೆಕ್ಕದಿಂದ ಕಳೆಯುವದು. ಪ್ರತಿವಿಷವೂ, ಉಸಿರನ್ನು ಯಂತ್ರದಿಂದ ನಡೆಯಿಸುವ ಅನುಕೂಲವೂ ಇರುವ ದವಾಖಾನೆಗೆ ನೆಟ್ಟಗೆ ಒಯ್ಯಿರಿ. ವಿಷಯ ಬಿಟ್ಟು ಹೋದೆವೆಂದರೂ ಸರಿ, ಇದನ್ನು ಹೇಳದೆ ಮುಂದೆ ಹೋಗಲಾರೆವು.

ಹುಕುಮು ತಲುಪಿದ ಕೂಡಲೆ ತಂತುವಿನ ಮೈಮೇಲೆ ವಿದ್ಯುತ್ತಿನ ಅಲೆಯೊಂದು ಹರಿದು, ಸಣ್ಣ ಸಣ್ಣ ಕೊಳವೆಗಳ ಮೂಲಕ ಆಳಕ್ಕೆ ಇಳಿಯುತ್ತದೆ. ಉಪತಂತುಗಳ ಸುತ್ತ ಹೆಣೆದಿರುವ ಚೀಲಗಳಲ್ಲಿ ಕ್ಯಾಲ್ಸಿಯಂ, ಅಂದರೆ ಸುಣ್ಣದಲ್ಲಿರುವ ಧಾತುವೇ, ಕೂಡಿಟ್ಟಿದೆ. ಅಲೆ ಮುಟ್ಟಿದೊಡನೆ ಚೀಲಗಳ ಬಾಯಿ ತೆರೆದು ಕ್ಯಾಲ್ಸಿಯಂ ಹೊರಕ್ಕೆ ನುಗ್ಗುತ್ತದೆ. ತೆಳು ಎಳೆಯ ಮೇಲೆ ಹಿಡಿಯಬೇಕಾದ ಸ್ಥಳಗಳನ್ನು ಒಂದು ಪ್ರೋಟೀನಿನ ದಾರವು ಮುಚ್ಚಿಟ್ಟಿರುತ್ತದೆ. ಆ ದಾರಕ್ಕೆ ಟ್ರೋಪೋನಿನ್ ಎಂಬದು ಬೀಗ. ಕ್ಯಾಲ್ಸಿಯಂ ಬಂದು ಬೀಗ ತೆರೆದರೆ ದಾರ ಸರಿಯುತ್ತದೆ, ತಲೆಗಳು ಹಿಡಿಯುತ್ತವೆ. ಈ ಬೀಗವನ್ನು 1960ರ ದಶಕದಲ್ಲಿ ಬೆಳಕಿಗೆ ತಂದವರು ಜಪಾನದ ಸೆತ್ಸುರೋ ಎಬಾಶಿ. ಇಂಥ ಸಾಮಾನ್ಯ ಧಾತುವಿಗೆ ಇಷ್ಟು ದೊಡ್ಡ ಅಧಿಕಾರವೇ ಎಂದು ಪಶ್ಚಿಮದ ಪಂಡಿತರು ಮೊದಮೊದಲು ನಂಬಲಿಲ್ಲ. ಕೆಲಸ ಮುಗಿದ ಮೇಲೆ ಕ್ಯಾಲ್ಸಿಯಮ್ಮನ್ನು ತಿರುಗಿ ಚೀಲಕ್ಕೆ ತುಂಬಬೇಕಲ್ಲವೆ? ಅದಕ್ಕೂ ಎ.ಟಿ.ಪಿ.ಯೇ ಬೇಕು. ಹೀಗೆ ನೋಡಿದರೆ ಸ್ನಾಯುವಿಗೆ ಸಡಿಲಾಗುವದೂ ದುಡಿಮೆಯೇ.

ಈಗ ಆ ಹೊಲದ ಬದುವಿಗೆ ತಿರುಗಿ ಹೋಗೋಣ. ಉಸಿರು ನಿಂತಿತು, ರಕ್ತ ನಿಂತಿತು. ಆದರೂ ಸ್ನಾಯುಗಳು ಆ ಕ್ಷಣವೇ ಸೆಟೆಯುವದಿಲ್ಲ. ಮೊದಲು ಸಡಿಲಾಗಿಯೇ ಇರುತ್ತವೆ. ಪ್ರಾಣವಾಯುವಿಲ್ಲದೆಯೂ ಸ್ವಲ್ಪ ಕಾಲ ಎ.ಟಿ.ಪಿ. ತಯಾರಿಸುವ ದಾಸ್ತಾನು ಅವುಗಳಲ್ಲಿರುತ್ತದೆ. ದಾಸ್ತಾನು ತೀರುತ್ತ ಬಂದಂತೆ ಕ್ಯಾಲ್ಸಿಯಂ ಚೀಲದಿಂದ ಸೋರುತ್ತದೆ, ತಲೆಗಳು ಹಿಡಿಯುತ್ತವೆ, ಬಿಡಿಸಲು ಎ.ಟಿ.ಪಿ. ಇರುವದಿಲ್ಲ. ಇದೇ ಸೆಟೆತ. ಸಾಮಾನ್ಯವಾಗಿ ಎರಡು ಮೂರು ತಾಸಿನಲ್ಲಿ ಕಣ್ಣರೆಪ್ಪೆ, ದವಡೆ, ಕುತ್ತಿಗೆಗಳಲ್ಲಿ ಕಾಣಿಸಿಕೊಂಡು ಆಮೇಲೆ ಕೈಕಾಲುಗಳಿಗೆ ಹಬ್ಬುತ್ತದೆ. ಒಂದೆರಡು ದಿನಗಳಲ್ಲಿ ಅದು ಬಿಟ್ಟುಹೋಗುವದು ಸ್ನಾಯು ಸಡಿಲಾಗಿ ಅಲ್ಲ, ಎಳೆಗಳ ಜೋಡಣೆಯೇ ಕೊಳೆತು ಹರಿಯುವದರಿಂದ.

ಹನ್ನೆರಡು ತಾಸು ಎಂಬದು ಶಾಸನವಲ್ಲ, ತಂಪು ದೇಶಗಳ ಸರಾಸರಿ. ಸೆಕೆಯಲ್ಲಿ ರಾಸಾಯನಿಕ ಕ್ರಿಯೆಗಳೆಲ್ಲ ವೇಗವಾಗಿ ನಡೆದು ದಾಸ್ತಾನು ಬೇಗ ಮುಗಿಯುತ್ತದೆ. ಸಾಯುವದಕ್ಕೆ ಮುಂಚೆ ಓಡಿದವನ, ಹೊಡೆದಾಡಿದವನ ಸ್ನಾಯುಗಳಲ್ಲಿ ದಾಸ್ತಾನು ಮೊದಲೇ ಅರ್ಧ ಖರ್ಚಾಗಿರುತ್ತದೆ. ಅಂಥ ದೇಹ ಇನ್ನೂ ಬೇಗ ಸೆಟೆಯುತ್ತದೆ. ನಮ್ಮ ಮೊಕದ್ದಮೆಯ ಪಂಚನಾಮೆಯಲ್ಲಿಯೇ ಬಹಳ ದೂರದವರೆಗೆ ನೆಲ ತುಳಿದಾಡಿದ ಗುರುತುಗಳಿದ್ದವು, ಕಾಲವು ಕಡುಬೇಸಿಗೆ. ಆ ದೇಹವು ಒಂಬತ್ತು ತಾಸಿನಲ್ಲಿ, ಅದಕ್ಕೂ ಕಡಿಮೆ ಅವಧಿಯಲ್ಲಿ, ಪೂರ್ತಿ ಸೆಟೆಯಬಹುದಾಗಿತ್ತು. "ರಾತ್ರಿಯ ಸೆಕೆ ಎಷ್ಟಿತ್ತು? ಸತ್ತವನು ಹೆಣಗಾಡಿದ್ದನೇ? ಹಾಗಿದ್ದರೆ ತಮ್ಮ ಹನ್ನೆರಡು ತಾಸು ನಿಲ್ಲುವದೇ?" ಎಂದು ಮೂರು ಪ್ರಶ್ನೆ ಕೇಳಿದ್ದರೆ ಸಾಕಾಗಿತ್ತು. ನಾವು ಕೇಳಲಿಲ್ಲ. ಆ ಆರೋಪಿಯ ಹೆಂಡತಿ ಕೋರ್ಟಿನ ಕಟ್ಟೆಯ ಮೇಲೆ ಕೂಸನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿರುತ್ತಿದ್ದಳು. ಇಂದಿಗೂ ಮರಣೋತ್ತರ ಪರೀಕ್ಷೆಯ ಕಾಗದ ಕೈಗೆ ಬಂದಾಗ ಅವಳ ಮುಖ ನೆನಪಾಗುತ್ತದೆ.

ತರುಣರು ನಮ್ಮ ಕಡೆಗೆ ನೋಡಿ, ಇದರಿಂದ ನಮ್ಮ ದಂಡ ಬೈಠಕುಗಳಿಗೇನು ಎಂದು ಮನಸ್ಸಿನಲ್ಲಿ ಕೇಳುತ್ತಿರುವಂತಿದೆ. ಸಾಮು ಮಾಡುವದರಿಂದ ತಂತುಗಳ ಸಂಖ್ಯೆ ಹೆಚ್ಚುವದೆಂದು ತಿಳಿಯಬೇಡಿರಿ. ಬಹುಮಟ್ಟಿಗೆ ಇದ್ದ ತಂತುಗಳೇ ಒಳಗೆ ಉಪತಂತುಗಳನ್ನು ಹೆಚ್ಚಿಸಿಕೊಂಡು ದಪ್ಪವಾಗುತ್ತವೆ. ದಣಿದ ತೋಳಿನಲ್ಲಿ ಎ.ಟಿ.ಪಿ. ಸೊನ್ನೆಯಾಗುವದೂ ಇಲ್ಲ. ಹಾಗಾದರೆ ನೀವು ಅಖಾಡದಲ್ಲಿಯೇ ಕಟ್ಟಿಗೆಯಾಗುತ್ತಿದ್ದಿರಿ. ಅದಕ್ಕೆ ಮುಂಚೆಯೇ ದಣಿವು ಬಂದು ತಡೆಯುತ್ತದೆ. ಹೊಸದಾಗಿ ಬೈಠಕು ಹೊಡೆದವನಿಗೆ ಎರಡನೆಯ ದಿನ ತೊಡೆ ನೋಯುವದಕ್ಕೆ ಲ್ಯಾಕ್ಟಿಕ್ ಆಮ್ಲವೇ ಕಾರಣವೆಂದು ಬಹುಕಾಲ ಆರೋಪ ಹೊರಿಸಿದ್ದರು. ಆದರೆ ಆ ಆಮ್ಲವು ವ್ಯಾಯಾಮ ನಿಂತ ಒಂದೆರಡು ತಾಸಿನೊಳಗೆ ಸ್ನಾಯುವನ್ನು ಬಿಟ್ಟು ಹೋಗಿರುತ್ತದೆ. ನೋವು ಕಾಣುವ ಹೊತ್ತಿಗೆ ಆರೋಪಿ ಆ ಸ್ಥಳದಲ್ಲಿಯೇ ಇಲ್ಲ. ನಿಜವಾದ ಕಾರಣವು ಭಾರ ಹೊತ್ತು ಕೆಳಗಿಳಿಯುವಾಗ ಅಂಕಣಗಳಿಗಾದ ಸಣ್ಣ ಸಣ್ಣ ಗಾಯಗಳು, ಅವುಗಳ ದುರಸ್ತಿಯ ಗದ್ದಲ. ಒಂದೆರಡು ವಾರ ತಪ್ಪದೆ ಮಾಡಿದರೆ ಸ್ನಾಯು ಒಗ್ಗಿಕೊಳ್ಳುತ್ತದೆ. ಈ ಆರೋಪಿಯನ್ನಾದರೂ ನಾವು ಸರಿಯಾದ ವಾದ ಹೂಡಿ ಬಿಡಿಸಿದೆವೆಂಬ ಸಮಾಧಾನ ನಮಗಿರಲಿ.

ಕೆಮ್ಮಣ್ಣಿಗೆ ನೀರು ಚಿಮುಕಿಸಿ ಹದ ಮಾಡಿದ್ದಾರೆ. ಮೊದಲನೆಯ ಜೋಡಿ ಲಂಗೋಟಿ ಬಿಗಿದು ನಿಂತಿದೆ. ಅಧ್ಯಕ್ಷರು ಗಡಿಯಾರ ನೋಡುತ್ತಿರುವದು ನಮಗೂ ಕಾಣುತ್ತದೆ. ನಾವು ಕೆಳಗಿಳಿಯುತ್ತೇವೆ, ಕುಸ್ತಿ ನಡೆಯಲಿ.